ಕತ್ತರಿ ಕೊಕ್ಕೋ, ಓರೆಗೊಕ್ಕೋ?

ಎಲ್ಲರಿಗೂ ನಮಸ್ಕಾರ. ಒಂದು ಕೋಳಿಮರಿಯ ಆರೈಕೆ ಮಾಡುತ್ತಾ ಒಂದು ಪದಕ್ಕಾಗಿ ತಡಕಾಡುತ್ತಿದ್ದೇನೆ. ಮರಿಗೆ ಈಗ ಐದು ವಾರ. ಹುಟ್ಟಿದಾಗ ಕೊಕ್ಕು ನೆಟ್ಟಗೇ ಇತ್ತು. ಎರಡನೇ ವಾರ ಮೇಲಿನ ತುದಿ ಕೂದಲೆಳೆಯಷ್ಟು ಎಡಕ್ಕೆ ವಾಲಿತು. ಈಗಂತೂ ಬಾಯಿ ಮುಚ್ಚಿದರೆ ಮೇಲಿನದು ಎಡಕ್ಕೆ, ಕೆಳಗಿನದು ಬಲಕ್ಕೆ. ಸಂದಿಯಲ್ಲಿ ನಾಲಿಗೆಯ ಅಂಚು ಕಾಣುತ್ತದೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಇಂಗ್ಲಿಷಿನಲ್ಲಿ ‘ಸಿಸರ್ ಬೀಕ್’, ‘ಕ್ರಾಸ್ ಬೀಕ್’ ಎರಡೂ ಇವೆ. ಮೊದಲನೆಯದನ್ನು ಹಾಗೇ ತಿರುಗಿಸಿ ‘ಕತ್ತರಿ ಕೊಕ್ಕು’ ಎಂದು ಬರೆದೆ. ಓದಿದ ಗೆಳತಿ ‘ಅಯ್ಯೋ, ಯಾಕೆ ಕತ್ತರಿಸಿದರು?’ ಎಂದು ಕೇಳಿದಳು. ಅವಳು ಕೇಳಿದ್ದು ಸರಿಯೇ. ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯ ಮಾಡದಿರಲಿ ಎಂದು ಕೊಕ್ಕಿನ ತುದಿ ಕತ್ತರಿಸುವ ರೂಢಿ ಸಾಕಣೆಯಲ್ಲಿ ಇದ್ದೇ ಇದೆ. ತಾನಾಗಿ ಬಂದ ಕೊರತೆಗೂ ಮನುಷ್ಯರ ಕೈಕೆಲಸಕ್ಕೂ ಒಂದೇ ಹೆಸರಾದರೆ ಓದುವವರು ದಾರಿ ತಪ್ಪುತ್ತಾರೆ.

‘ಸೊಟ್ಟಗಾಲು’ ಇರುವಂತೆ ‘ಸೊಟ್ಟಗೊಕ್ಕು’ ಅನ್ನಬಹುದು. ಆದರೆ ಮುಖಕ್ಕೆ ಸೇರಿದಾಗ ‘ಸೊಟ್ಟ’ ಬೈಗುಳವಾಗಿಬಿಡುತ್ತದೆ, ‘ಸೊಟ್ಟಮೂತಿ’ ಅಂದ ಹಾಗೆ. ಹಸಿದು ನನ್ನ ಅಂಗೈಗೆ ಓಡಿಬರುವ ಮರಿಯನ್ನು ಹಾಗೆ ಕರೆಯಲು ನನಗೆ ಮನಸ್ಸಿಲ್ಲ. ‘ಡೊಂಕು’ ಅಂದರೆ ಬಾಗಿದ್ದು. ಗಿಳಿಯ ಕೊಕ್ಕೂ ಡೊಂಕೇ, ಅದು ಕೊರತೆಯಲ್ಲ. ಇಲ್ಲಿರುವ ತೊಂದರೆ ಬಾಗುವುದರದ್ದಲ್ಲ, ಎರಡು ತುದಿ ಒಂದಕ್ಕೊಂದು ಕೂಡದಿರುವುದರದ್ದು. ಹಾಗಾಗಿ ‘ಓರೆಗಣ್ಣಿ’ನ ಮಾದರಿಯಲ್ಲಿ, ಕಕಾರಕ್ಕೆ ಗಕಾರ ಬಂದು, ‘ಓರೆಗೊಕ್ಕು’ ಆಗಬಹುದೆಂದು ನನ್ನ ಒಲವು.

ಹೆಸರಿಗಿಂತ ಕ್ರಿಯಾಪದಗಳು ನನಗೆ ಹೆಚ್ಚು ಕಲಿಸಿದವು. ‘ಕುಕ್ಕು’, ‘ಹೆಕ್ಕು’ ಎರಡನ್ನೂ ಇಷ್ಟು ದಿನ ಒಂದರ ಬದಲು ಒಂದು ಬಳಸುತ್ತಿದ್ದೆ. ಈ ಮರಿ ಕುಕ್ಕುತ್ತದೆ, ಹೆಕ್ಕಲಾರದು. ಕಾಳಿನ ಮೇಲೆ ಗುರಿಯಿಟ್ಟು ಟಕ್ಕೆಂದು ಹೊಡೆಯುತ್ತದೆ. ಕಾಳು ಕೊಕ್ಕಿನ ಪಕ್ಕಕ್ಕೆ ತಗುಲಿ ಹಾರಿಹೋಗುತ್ತದೆ. ಹತ್ತು ಸಲ ಕುಕ್ಕಿದರೂ ಗಂಟಲಿಗೆ ಇಳಿಯುವುದು ಒಂದೋ ಎರಡೋ. ಇಡೀ ದಿನ ತಟ್ಟೆಯ ಮುಂದೆಯೇ ಇರುವ ಮರಿ ತೂಕ ಕಳೆದುಕೊಳ್ಳುವುದು ಇದಕ್ಕೇ. ‘ಚೆನ್ನಾಗಿ ಕುಕ್ಕುತ್ತಿದೆಯಲ್ಲ’ ಎಂದು ನಾವು ನಂಬಿ ಕೂತಿರುತ್ತೇವೆ.

ಅದಕ್ಕೆ ಬೇಕಾದದ್ದು ಮೂರನೆಯ ಕ್ರಿಯೆ: ಮೊಗೆಯುವುದು. ಆಹಾರವನ್ನು ನೀರಲ್ಲಿ ಕಲಸಿ ಮುದ್ದೆಯಂತೆ ಮಾಡಿ, ಆಳದ ಬಟ್ಟಲಿಗೆ ತುಂಬಿ, ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟೆ. ಕೆಳಗಿನ ಕೊಕ್ಕಿನಿಂದ ಸಲಿಕೆಯಂತೆ ಮೊಗೆದು ತಿನ್ನತೊಡಗಿತು. ಉಳಿದ ಮರಿಗಳು ನುಗ್ಗಿ ಖಾಲಿ ಮಾಡದಂತೆ ಇದಕ್ಕೆ ಬೇರೆಯಾಗಿಯೇ ಉಣಿಸಬೇಕು. ಗರಿಗಳನ್ನೂ ಅದು ಒಪ್ಪ ಮಾಡಿಕೊಳ್ಳಲಾರದು, ಹೇನು ಬಿದ್ದಿದೆಯೇ ಎಂದು ರೆಕ್ಕೆಯಡಿ ನಾನೇ ನೋಡುತ್ತೇನೆ.

ಇನ್ನೊಂದು ಪದ ‘ಮಸೆ’. ಕೋಳಿಗಳು ಕೊಕ್ಕನ್ನು ಕಲ್ಲಿಗೆ ಮಸೆಯುತ್ತವೆ; ಉಗುರಿನಂತೆ ಬೆಳೆಯುತ್ತಲೇ ಇರುವ ಕೊಕ್ಕು ಹಾಗೆ ಹದದಲ್ಲಿ ಉಳಿಯುತ್ತದೆ. ತುದಿಗಳೇ ಕೂಡದ ಮರಿಗೆ ಅದು ಸರಿಯಾಗಿ ಸಾಗದು. ಉದ್ದವಾದ ತುದಿಯನ್ನು ಉಗುರುಜ್ಜುವ ಅರದಿಂದ ಸ್ವಲ್ಪಸ್ವಲ್ಪವೇ ತೆಗೆಯಬೇಕು. ಒಳಗೆ ರಕ್ತನಾಳವೂ ನರವೂ ಇವೆ, ಆತುರಪಟ್ಟರೆ ರಕ್ತ ಬರುತ್ತದೆ, ನೋವಾಗುತ್ತದೆ. ಇದನ್ನು ‘ಮಸೆಯುವುದು’ ಎನ್ನಲೇ? ಮಸೆದರೆ ಮೊನಚಾಗಬೇಕು, ನಾನು ಮಾಡುವುದು ಮೊಂಡು. ‘ಸವೆಸುವುದು’ ಸರಿಯೇನೋ.

ನಿಮ್ಮ ಕಡೆ ಕೋಳಿ ಸಾಕುವ ಹಿರಿಯರು ಇಂಥ ಮರಿಗೆ ಏನೆನ್ನುತ್ತಾರೆ? ‘ಚುಂಚು’ ಸೇರಿದ ಮಾತೇನಾದರೂ ಬಳಕೆಯಲ್ಲಿದೆಯೇ? ಕುಕ್ಕು–ಹೆಕ್ಕು ವ್ಯತ್ಯಾಸ ನಿಮ್ಮ ಆಡುಮಾತಿನಲ್ಲೂ ಇಷ್ಟೇ ಖಚಿತವೇ? ದಯವಿಟ್ಟು ತಿಳಿಸಿ.