ಆಯಿಲ್ ‘ಇಳಿಸೋದು’ ಗೊತ್ತು, ಮೇಲಕ್ಕೆ ತೆಗೆದರೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಜೊತೆಗೆ ಕೆಲವು ಚಿಲ್ಲರೆ ಪದಗಳೂ ಇವೆ.

ನನ್ನ ಅಕ್ಕ, ಭಾವ ಇರುವುದು ಅಮೆರಿಕದ ಅನಾಪೊಲಿಸ್‌ನಲ್ಲಿ. ಚೆಸಪೀಕ್ ಕೊಲ್ಲಿಯ ದಂಡೆಯ ಆ ಊರಲ್ಲಿ ಹಾಯಿದೋಣಿಗಳು ಜಾಸ್ತಿ. ಇವರದ್ದೂ ಒಂದಿದೆ, 27 ಅಡಿಯ ಹಳೆಯ ದೋಣಿ. ಅದರ ಒಳಗೆ ಯಾನ್ಮಾರ್ 1ಜಿಎಂ10 ಅನ್ನುವ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಕೂತಿದೆ. ಹಾಯಿ ಇರುವ ದೋಣಿಗೆ ಎಂಜಿನ್ ಯಾಕೆ ಅಂತೀರಾ? ದಕ್ಕೆ (ದೋಣಿ ಕಟ್ಟುವ ಕಟ್ಟೆ) ಬಿಟ್ಟು ಹೊರಡುವಾಗ, ಗಾಳಿ ಬಿದ್ದುಹೋದ ದಿನ ವಾಪಸ್ ಬರುವಾಗ ಅದು ಬೇಕೇ ಬೇಕು.

ಅಕ್ಕನ ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿಗೆ ಹೋದಾಗಲೆಲ್ಲ ಆ ಎಂಜಿನ್ ಅವರ ಕೈಗೆ ಬರುತ್ತದೆ. ದೋಣಿಯ ಜೊತೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿದೆ. ಚಳಿಗಾಲಕ್ಕೆ ದೋಣಿ ಮೇಲೆತ್ತುವ ಮುಂಚೆ ಆಯಿಲ್ ಬದಲಾಯಿಸುವ ಕ್ರಮವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡು ಅಂತ ಕೇಳಿದ್ದಾರೆ. ಓಡಿದ ಗಂಟೆಗಳು ಕಡಿಮೆ ಇದ್ದರೂ ಇದನ್ನು ವರ್ಷಕ್ಕೊಮ್ಮೆ ಮಾಡಲೇಬೇಕು. ಹಳೆ ಆಯಿಲ್‌ನಲ್ಲಿ ಮಸಿಯ ಜೊತೆ ಆಸಿಡ್ ಕೂಡ ಸೇರಿರುತ್ತದೆ. ಅದು ತಿಂಗಳುಗಟ್ಟಲೆ ಬೇರಿಂಗಿನ ಮೇಲೆ ನಿಂತರೆ ಲೋಹವನ್ನು ತಿನ್ನುತ್ತದೆ.

ತೊಡಕು ಇರುವುದು ಇಲ್ಲಿ. ಬಸ್ಸು, ಲಾರಿ, ಬೈಕು ಯಾವುದೇ ಇರಲಿ, ನಮ್ಮ ಗ್ಯಾರೇಜಿನ ಮಾತು ‘ಆಯಿಲ್ ಇಳಿಸು’. ಕೆಳಗೆ ತಟ್ಟೆ ಇಟ್ಟು, ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ತಾನಾಗಿ ಇಳಿಯುತ್ತದೆ. ಮಾತು ಕೆಲಸಕ್ಕೆ ಸರಿಯಾಗಿದೆ. ಹಾಯಿದೋಣಿಯಲ್ಲಿ ಹಾಗಾಗುವುದಿಲ್ಲ. ಎಂಜಿನ್ನಿನ ಸಂಪ್‌ಗೂ (ಆಯಿಲ್ ನಿಲ್ಲುವ ತಳದ ತೊಟ್ಟಿ) ದೋಣಿಯ ತಳಕ್ಕೂ ನಡುವೆ ತಟ್ಟೆ ತೂರಿಸುವಷ್ಟು ಜಾಗ ಇಲ್ಲ. ಸ್ಪ್ಯಾನರ್ ಹಿಡಿದ ಕೈಯೂ ಹೋಗುವುದಿಲ್ಲ. ಅದಕ್ಕೇ ಆಯಿಲ್ ಗೇಜಿನ ಕಡ್ಡಿ ತೆಗೆದು, ಆ ತೂತಿನಲ್ಲೇ ಸಣ್ಣ ಪೈಪು ಇಳಿಬಿಟ್ಟು, ಸಂಪಿನ ತಳಕ್ಕೆ ಮುಟ್ಟಿಸಿ, ಕೈಪಂಪಿನಿಂದ ಹಳೆ ಆಯಿಲ್ ಅನ್ನು ಮೇಲಕ್ಕೆ ತೆಗೆಯುತ್ತಾರೆ. ನಾನು ‘ಇಳಿಸಿ’ ಅಂತ ಬರೆದರೆ ಮಾವ ಮೊದಲು ಮಾಡುವ ಕೆಲಸ, ಎಂಜಿನ್ ಅಡಿಗೆ ಕೈ ಹಾಕಿ ಬೋಲ್ಟ್ ಹುಡುಕುವುದು. ಅಭ್ಯಾಸ ಹಾಗಿದೆ.

‘ತೆಗೆಯಿರಿ’ ಅಂದರೆ ತಪ್ಪೇನಿಲ್ಲ, ಆದರೆ ಹೇಗೆ ಅನ್ನುವುದು ಅದರಲ್ಲಿಲ್ಲ. ‘ಹೀರಿ’ ಅಂದರೆ ಬಾಯಿಯ ನೆನಪು ಬರುತ್ತದೆ. ಟ್ಯೂಬ್ ಹಾಕಿ ಬಾಯಲ್ಲಿ ಪೆಟ್ರೋಲ್ ಎಳೆದವರು ನಮ್ಮಲ್ಲಿ ಇದ್ದೇ ಇದ್ದಾರೆ, ಆ ಪದ ಬೇಡ. ‘ಎಳೆಯಿರಿ’ ಪರವಾಗಿಲ್ಲ. ಉತ್ತರ ಕರ್ನಾಟಕದವರು ‘ಜಗ್ಗ್ರಿ’ ಅಂದಾರು. ಆದರೆ ಎರಡರಲ್ಲೂ ಹಗ್ಗ ಕಾಣುತ್ತದೆ, ಪೈಪಿನೊಳಗೆ ಏರುವ ದ್ರವ ಕಾಣುವುದಿಲ್ಲ.

ನನ್ನ ಮನಸ್ಸು ನಿಂತಿರುವುದು ‘ಸೇದು’ ಮೇಲೆ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಮೊದಲನೆಯದರಲ್ಲಿ ಆಳದಿಂದ ಮೇಲಕ್ಕೆ ತರುವುದಿದೆ, ಎರಡನೆಯದರಲ್ಲಿ ಕೊಳವೆಯಂಥದ್ದರ ಮೂಲಕ ಎಳೆದುಕೊಳ್ಳುವುದಿದೆ. ಈ ಪಂಪು ಎರಡನ್ನೂ ಮಾಡುತ್ತದೆ. ಡಬ್ಬದೊಳಗಿನ ಗಾಳಿಯನ್ನು ಪಂಪು ಹೊಡೆದು ಹೊರಹಾಕಿದರೆ, ಸಂಪಿನ ತಳದ ಆಯಿಲ್ ಪೈಪಿನಲ್ಲಿ ಏರಿ ಬಂದು ಡಬ್ಬಕ್ಕೆ ಬೀಳುತ್ತದೆ. ‘ಹಳೆ ಆಯಿಲ್ ಸೇದಿ ತೆಗೆಯಿರಿ’ ಅಂತ ಬರೆಯೋಣ ಅಂದುಕೊಂಡಿದ್ದೇನೆ. ನಿಮ್ಮ ಕಡೆ ಇದು ವಿಚಿತ್ರವಾಗಿ ಕೇಳುತ್ತದಾ? ಬೋರ್‌ವೆಲ್ ಕಾಲದ ಹುಡುಗರಿಗೆ ಬೀಡಿಯ ಅರ್ಥ ಮಾತ್ರ ಹೊಳೆಯುತ್ತದೆ ಅಂತ ಒಬ್ಬರು ಅಂದರು. ಮಾವನಿಗಂತೂ ಆ ತೊಂದರೆ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದ. ತಣ್ಣನೆಯ ಆಯಿಲ್ ಮಂದವಾಗಿರುತ್ತದೆ, ಸಣ್ಣ ಪೈಪಿನಲ್ಲಿ ಏರುವುದಿಲ್ಲ. ಹಾಗಾಗಿ ಮೊದಲು ಐದು, ಹತ್ತು ನಿಮಿಷ ಎಂಜಿನ್ ಓಡಿಸಬೇಕು. ‘ಎಂಜಿನ್ ಹೀಟ್ ಮಾಡಿ’ ಅಂತ ಬರೆಯುವ ಹಾಗಿಲ್ಲ. ನಮ್ಮಲ್ಲಿ ‘ಗಾಡಿ ಹೀಟ್ ಆಗಿದೆ’ ಅಂದರೆ ಅದು ದೂರು, ರೇಡಿಯೇಟರ್ ನೋಡಬೇಕು ಅಂತ ಅರ್ಥ. ‘ಬೆಚ್ಚಗಾಗಲಿ’ ಅಂತ ಹಾಕಿದ್ದೇನೆ. ಓಡಿಸುವ ಮುಂಚೆ, ಹೊರಗಿನ ನೀರು ಒಳಗೆ ಬರುವ ವಾಲ್ವ್ ತೆರೆದಿರಬೇಕು. ಇಲ್ಲದಿದ್ದರೆ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಒಣಗಿ ಹರಿದುಹೋಗುತ್ತವೆ. ಇದನ್ನು ದಪ್ಪಕ್ಷರದಲ್ಲೇ ಬರೆದಿದ್ದೇನೆ. ಬಸ್ಸಿನಲ್ಲಿ ಇಂಥ ವಾಲ್ವ್ ಇಲ್ಲವಲ್ಲ.

‘ಎಣ್ಣೆ’ ಅನ್ನಬಾರದಾ ಅಂತ ಇಲ್ಲಿ ಕೆಲವರು ಖಂಡಿತ ಕೇಳುತ್ತೀರಿ. ಎಳ್ಳು, ನೆಯ್ (ಜಿಡ್ಡು) ಸೇರಿ ಆದ ಪದ ಅದು, ಸೀಮೆಎಣ್ಣೆಗೆ ಒಗ್ಗಿದ್ದು ಎಂಜಿನ್‌ಗೂ ಒಗ್ಗಬಹುದು. ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯೂ ನಮ್ಮಲ್ಲಿತ್ತು. ಆದರೂ ಗ್ಯಾರೇಜಿನಲ್ಲಿ ಯಾರೂ ಎಂಜಿನ್ ಎಣ್ಣೆ ಅನ್ನುವುದಿಲ್ಲ. ಅದೂ ಅಲ್ಲದೆ, ದೋಣಿಯ ಗೋಡೆಗೆ ‘ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸಿ’ ಅಂತ ಚೀಟಿ ಅಂಟಿಸಿದರೆ ಭಾವನ ಗೆಳೆಯರು ಬ್ರ್ಯಾಂಡ್ ಯಾವುದು ಅಂತ ಕೇಳುತ್ತಾರೆ. ಆಯಿಲ್ ಆಯಿಲ್ ಆಗಿಯೇ ಇರಲಿ.

‘ಹಾಕು’ ಅನ್ನುವುದನ್ನೂ ಬಿಟ್ಟಿದ್ದೇನೆ. ‘ಆಯಿಲ್ ಹಾಕಿ’ ಅಂದರೆ ಕಮ್ಮಿ ಆದಷ್ಟು ಸೇರಿಸು ಅಂತಲೂ ಆಗುತ್ತದೆ, ಪೂರ್ತಿ ಹೊಸದು ಅಂತಲೂ ಆಗುತ್ತದೆ. ಕಮ್ಮಿ ಆದದ್ದಕ್ಕೆ ‘ಸೇರಿಸಿ’, ಖಾಲಿ ಆದ ಮೇಲೆ ‘ತುಂಬಿ’ ಅಂತ ಬೇರೆ ಮಾಡಿದ್ದೇನೆ. ಈ ಎಂಜಿನ್ ಹಿಡಿಸುವುದು 1.3 ಲೀಟರ್. ಸೇದಿದಾಗ ತಳದಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಅಳತೆ ನಂಬಿ ಅಷ್ಟನ್ನೂ ಸುರಿದರೆ ಜಾಸ್ತಿ ಆಗುತ್ತದೆ. ಒಂದು ಲೀಟರ್ ಹಾಕಿದ ಮೇಲೆ ಕಡ್ಡಿ ನೋಡಿಕೊಂಡು, ಸ್ವಲ್ಪ ಸ್ವಲ್ಪವೇ ತುಂಬಬೇಕು. ಸೇದಿದ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅದರಲ್ಲಿ ನೀರು ಸೇರಿದೆ ಅಂತ ಅರ್ಥ. ಆಗ ಚೀಟಿ ಪಕ್ಕಕ್ಕಿಟ್ಟು ಕಾರಣ ಹುಡುಕಬೇಕು.

ಫಿಲ್ಟರ್ ಬಗ್ಗೆ ಪದದ ತಕರಾರು ಇಲ್ಲ. ಹೊಸದರ ರಬ್ಬರ್ ರಿಂಗಿಗೆ ಆಯಿಲ್ ಸವರಿ, ‘ಕೈಯಲ್ಲೇ ಬಿಗಿ ಮಾಡಿ’. ಮುಗಿಯಿತು.

ಇನ್ನು ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ಬಿಲ್ಜ್ ಅನ್ನುವ ಪದದಲ್ಲಿ. ದೋಣಿಯ ಅತಿ ತಗ್ಗಿನ ಜಾಗ ಅದು. ಸೋರಿದ ನೀರು, ಡೀಸೆಲ್, ಆಯಿಲ್ ಎಲ್ಲ ಬಂದು ನಿಲ್ಲುವುದು ಅಲ್ಲೇ. ನೀರು ಏರಿದರೆ ತಾನಾಗಿ ಓಡುವ ಪಂಪು ಅದನ್ನು ಹೊರಕ್ಕೆ ಎಸೆಯುತ್ತದೆ. ಅಂದರೆ ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಆಯಿಲ್ ಒರೆಸದೆ ಬಿಟ್ಟರೆ ಸೀದಾ ಕೊಲ್ಲಿಗೆ ಹೋಗುತ್ತದೆ. ಅಮೆರಿಕದಲ್ಲಿ 26 ಅಡಿ ಮತ್ತು ಅದಕ್ಕೂ ಉದ್ದದ ದೋಣಿಗಳಲ್ಲಿ ‘ನೀರಿಗೆ ಆಯಿಲ್ ಬಿಡಬಾರದು’ ಅನ್ನುವ ಫಲಕ ಇರಲೇಬೇಕು. ಕಡೇಪಕ್ಷ 5 ಇಂಚು, 8 ಇಂಚಿನ ಅಳತೆಯದು. ನೀರಿನ ಮೇಲೆ ಬಣ್ಣಬಣ್ಣದ ಪಸೆ ಕಂಡರೂ ಅಪರಾಧವೇ. ನಮ್ಮ ಊರುಗಳಲ್ಲಿ ಹಳೆ ಆಯಿಲ್ ಅನ್ನು ಗೆದ್ದಲು ಹಿಡಿಯದಿರಲಿ ಅಂತ ಕಂಬಕ್ಕೆ ಬಳಿಯುತ್ತಾರೆ; ಮಾವ ಅಲ್ಲೂ ಡಬ್ಬ ಎತ್ತಿಟ್ಟುಕೊಳ್ಳಬಹುದು, ಅದು ಬೇರೆ ಮಾತು.

ಬಿಲ್ಜ್‌ಗೆ ‘ತಳಗುಂಡಿ’ ಅಂತ ಬರೆದೆ. ಓದಿದರೆ ಯಾಕೋ ಇಂಗುಗುಂಡಿಯ ಹಾಗೆ ಕೇಳುತ್ತದೆ. ಮಲ್ಪೆ, ಗಂಗೊಳ್ಳಿ, ತದಡಿ, ಕಾರವಾರದ ಕಡೆಯವರು ಈ ಗುಂಪಿನಲ್ಲಿ ಇದ್ದೀರಲ್ವಾ? ನಾಡದೋಣಿಗೆ ಹೊರಗೆ ಕಟ್ಟುವ ಎಂಜಿನ್, ಅದರ ಮಾತು ಬೇರೆ. ಟ್ರಾಲ್ ಬೋಟಿನಲ್ಲಿ ಎಂಜಿನ್ ಒಳಗೇ ಇರುತ್ತದೆ. ಆ ಎಂಜಿನ್ ಅಡಿಯ ತಗ್ಗಿಗೆ, ಅಲ್ಲಿ ನಿಂತ ನೀರಿಗೆ ನಿಮ್ಮ ತಾಂಡೇಲರು (ಬೋಟು ನಡೆಸುವವರು) ಏನನ್ನುತ್ತಾರೆ? ತುಳು, ಕೊಂಕಣಿ ಪದ ಆದರೂ ನಡೆಯುತ್ತದೆ. ದಕ್ಕೆಯಲ್ಲಿ ಕೇಳಿದ್ದನ್ನು ಹಾಗ್ಹಾಗೇ ಬರೆಯಿರಿ. ದೋಣಿ ನೀರಿನಿಂದ ಮೇಲೇಳುವುದು ಅಕ್ಟೋಬರ್ ಕೊನೆಗೆ, ಅದಕ್ಕೆ ಮುಂಚೆ ಚೀಟಿ ಕಳಿಸಬೇಕು.