ಸಹಾಯ ಬೇಕು: ಪೆನ್ ಸ್ಟೇಟ್‌ನ ಡ್ಯುಯಲ್ ಟೈಟಲ್ ಪಿಎಚ್‌ಡಿ ಅರ್ಜಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಂಪ್ಯಾರಟಿವ್ ಅಂಡ್ ಇಂಟರ್‌ನ್ಯಾಷನಲ್ ಎಜುಕೇಶನ್‌ನ (ಬೇರೆ ಬೇರೆ ದೇಶಗಳ ಶಿಕ್ಷಣವನ್ನು ಹೋಲಿಸಿ ನೋಡುವ ವಿಷಯ) ಡ್ಯುಯಲ್ ಟೈಟಲ್ ಪಿಎಚ್‌ಡಿಗೆ ಅರ್ಜಿ ಹಾಕೋಣ ಅಂತಿದ್ದೇನೆ. ಇದು ಎರಡು ಡಿಗ್ರಿ ಅಲ್ಲ, ಒಂದೇ ಡಿಗ್ರಿಗೆ ಎರಡು ವಿಷಯದ ಹೆಸರು. ಮೊದಲು ಮುಖ್ಯ ವಿಭಾಗದಲ್ಲಿ ಸೀಟು ಸಿಗಬೇಕು. ನನ್ನ ತಲೆನೋವು ಅಲ್ಲೇ ಇರೋದು: ಎಜುಕೇಶನಲ್ ಥಿಯರಿ ಅಂಡ್ ಪಾಲಿಸಿ (ಶಿಕ್ಷಣದ ಸಿದ್ಧಾಂತ, ನೀತಿ) ಹಿಡಿಯಲೋ, ಕರಿಕ್ಯುಲಮ್ ಅಂಡ್ ಇನ್‌ಸ್ಟ್ರಕ್ಷನ್ (ಪಠ್ಯಕ್ರಮ, ಬೋಧನೆ) ಹಿಡಿಯಲೋ?

ಆರು ವರ್ಷ ನಲಿ-ಕಲಿ ತರಗತಿ ನಡೆಸಿದ್ದೇನೆ. ಅದನ್ನು ಕೊಲಂಬಿಯಾ ದೇಶದ ಎಸ್ಕುವೆಲಾ ನುಯೆವಾ ಶಾಲೆಗಳ ಜೊತೆ ಹೋಲಿಸಿ ನೋಡುವ ಆಸೆ. ಎರಡರಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ತಮ್ಮ ವೇಗದಲ್ಲೇ ಕಲಿಯುತ್ತಾರೆ. (ಸ್ಪ್ಯಾನಿಷ್ ಮಾತ್ರ ಒಂದಕ್ಷರ ಬರಲ್ಲ!)

ಅರ್ಜಿಗೆ ಮೊದಲೇ ಪ್ರೊಫೆಸರ್‌ಗಳಿಗೆ ಮೇಲ್ ಹಾಕಬೇಕಾ? ಎಸ್‌ಒಪಿಯಲ್ಲಿ (ಯಾಕೆ ಓದಬೇಕು ಅಂತ ಅರ್ಜಿ ಜೊತೆ ಬರೆದುಕೊಡುವ ಪ್ರಬಂಧ) ಶಾಲೆಯ ಅನುಭವ ಜಾಸ್ತಿ ಬರೆಯಲಾ, ಸಂಶೋಧನೆಯ ಪ್ರಶ್ನೆ ಜಾಸ್ತಿ ಬರೆಯಲಾ? ಈ ದಾರಿಯಲ್ಲಿ ಹೋದವರು ಇದ್ದರೆ ದಯವಿಟ್ಟು ತಿಳಿಸಿ.