ಯಜಮಾನರಿಗೆ ಕೀಮೋ ನಡೆಯುತ್ತಿದೆ, ನನಗೆ ರಾತ್ರಿ ನಿದ್ದೆಯೇ ಬರುತ್ತಿಲ್ಲ

ಪ್ರಶ್ನೆ: ತೀರ್ಥಹಳ್ಳಿ ಕಡೆಯವಳು

ನಮ್ಮ ಯಜಮಾನರಿಗೆ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದೆಯೆಂದು ಈ ಬೇಸಿಗೆಯಲ್ಲಿ ತಿಳಿಯಿತು. ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಆರ್-ಚಾಪ್ ಎಂಬ, ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಕೀಮೋ ಹಾಕಿಸಿಕೊಂಡು ಬರುತ್ತೇವೆ. ಗಡ್ಡೆ ಕರಗುತ್ತಿದೆ ಎಂದು ವೈದ್ಯರು ಧೈರ್ಯ ಹೇಳಿದ್ದಾರೆ. ಆದರೆ ಜ್ವರ 100.4 ಡಿಗ್ರಿ ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಂದಿನಿಂದ ಥರ್ಮಾಮೀಟರು ನನ್ನ ದಿಂಬಿನ ಕೆಳಗೇ ಇದೆ. ರಾತ್ರಿಯೆಲ್ಲ ಎದ್ದೆದ್ದು ಅವರ ಹಣೆ ಮುಟ್ಟಿ ನೋಡುತ್ತೇನೆ, ಹೊದಿಕೆ ಏರಿಳಿಯುತ್ತಿದೆಯೇ ಎಂದು ಕತ್ತಲಲ್ಲೇ ದಿಟ್ಟಿಸುತ್ತೇನೆ. ಕೀಮೋ ಆದ ಮೊದಲ ಕೆಲವು ದಿನ ಅವರಿಗೂ ನಿದ್ದೆ ಇರುವುದಿಲ್ಲ. ನನಗೆ ತಿಳಿಯಬಾರದೆಂದು ಅವರು, ಅವರಿಗೆ ತಿಳಿಯಬಾರದೆಂದು ನಾನು, ಇಬ್ಬರೂ ನಿದ್ದೆ ಬಂದವರಂತೆ ನಟಿಸುತ್ತ ಮಲಗಿರುತ್ತೇವೆ. ಬೆಳಗಿನ ಜಾವ ಕಣ್ಣು ಹತ್ತುವಷ್ಟರಲ್ಲಿ ಹಾಲು ಕರೆಯುವ ಹೊತ್ತಾಗಿರುತ್ತದೆ. ನಾದಿನಿ ತಾನು ನುಂಗುವ, ಕಳವಳ ತಗ್ಗಿಸಿ ನಿದ್ದೆ ಬರಿಸುವ ಆಲ್ಪ್ರಜೋಲಾಮ್ ಮಾತ್ರೆಗಳನ್ನು ಕೊಟ್ಟುಹೋಗಿದ್ದಾಳೆ, ಇನ್ನೂ ಮುಟ್ಟಿಲ್ಲ. ತೆಗೆದುಕೊಳ್ಳಬಹುದೇ? ಬೇರೆ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ರಾತ್ರಿಪಾಳಿಯ ನರ್ಸ್

ಅಕ್ಕ, ನಿಮ್ಮ ಹೆದರಿಕೆಗೆ ಕಾರಣವಿದೆ. ಕೀಮೋ ಆದ ಮೇಲೆ, ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ, ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ; ಆಗ ಬರುವ ಜ್ವರವನ್ನು ನಾವೂ ತುರ್ತು ಎಂದೇ ನೋಡುತ್ತೇವೆ. ಆದರೆ ಹಣೆ ಮುಟ್ಟಿ ಜ್ವರವನ್ನು ಖಚಿತವಾಗಿ ಹೇಳಲಾಗದು. ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಒಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಿ. ನಡುವೆ ಚಳಿ, ನಡುಕ ಅಥವಾ ವಿಪರೀತ ಸುಸ್ತು ಅನ್ನಿಸಿದರೆ ನಿಮ್ಮನ್ನು ಎಬ್ಬಿಸುವುದು ಅವರ ಕೆಲಸ. ಅದನ್ನು ಅವರಿಂದ ಒಪ್ಪಿಸಿಕೊಳ್ಳಿ. ಆಸ್ಪತ್ರೆಗೆ ತಿಳಿಸುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಬೇಡಿ.

ನನ್ನ ಅನುಭವದಲ್ಲಿ, ಹೀಗೆ ನಿದ್ದೆಗೆಡುವವರ ಮನಸ್ಸು ಮುಕ್ಕಾಲು ಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿರುತ್ತದೆ: ನಡುರಾತ್ರಿ ಏನಾದರೂ ಆದರೆ ಮೊದಲು ಏನು ಮಾಡಬೇಕು? ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಆ ಹೊತ್ತಿನಲ್ಲಿ ಓಡಲಾಗದು. ಶಿವಮೊಗ್ಗದಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಯಾವ ಕಾಗದ ತೋರಿಸಬೇಕು ಎಂದು ನಿಮ್ಮ ಕ್ಯಾನ್ಸರ್ ವೈದ್ಯರನ್ನೇ ಈಗಲೇ ಕೇಳಿ ಬರೆಸಿಕೊಳ್ಳಿ. ಫೈಲು, ಬಟ್ಟೆಯ ಚೀಲ, ಕಾರಿನವರ ನಂಬರು ಬಾಗಿಲ ಬಳಿಯೇ ಇರಲಿ. ಉತ್ತರ ಸಿದ್ಧವಿದ್ದರೆ ಪ್ರಶ್ನೆಯ ಕಾಟ ಎಷ್ಟೋ ಕಡಿಮೆಯಾಗುತ್ತದೆ.

ಯಜಮಾನರಿಗೆ ನಿದ್ದೆ ಬಾರದಿರಲು ಪ್ರೆಡ್ನಿಸೋಲೋನ್ ಕಾರಣವಿರಬಹುದು; ಆರ್-ಚಾಪ್‌ನಲ್ಲಿ ಪ್ರತಿ ಸಲ ಐದು ದಿನ ಕೊಡುವ ಸ್ಟೀರಾಯ್ಡ್ ಅದು. ಸಂಜೆ ನುಂಗುತ್ತಿದ್ದರೆ, ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಉತ್ತರ: ದಾವಣಗೆರೆಯವ

ತಾಯಿಯ ಆರೈಕೆ ಮಾಡಿದವನಾಗಿ ಒಂದೆರಡು ಮಾತು. ಮನೆಯವರು ನರಳುತ್ತಿರುವಾಗ ತಾನು ಗೊರಕೆ ಹೊಡೆಯುವುದೇ ಎಂಬ ಸಂಕೋಚ ನಿಮಗೂ ಇದ್ದೀತು. ಅದಕ್ಕೆ ವಾದದಿಂದ ಉತ್ತರ ಸಿಗದು, ಪಾಳಿಯಿಂದ ಸಿಗುತ್ತದೆ. ವಾರಕ್ಕೊಂದೆರಡು ರಾತ್ರಿ ಮೈದುನನೋ ಮಗನೋ ಅವರ ಪಕ್ಕದಲ್ಲಿ ಮಲಗಲಿ, ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಸಹಾಯ ಬೇಕಿದ್ದರೆ ಹೇಳಿ ಎನ್ನುವವರಿಗೆ ಇಂಥ ದಿನ, ಇಂಥ ಹೊತ್ತು ಎಂದು ಹೇಳಿಬಿಡಿ. ಹಾಗೆ ಹೇಳದಿದ್ದರೆ ಯಾರೂ ಬರುವುದಿಲ್ಲ.

ರಾತ್ರಿ ಊಟವಾದ ಮೇಲೆ ಫೋನು ಮಾಡಿ, ಇದೇ ಕಾಯಿಲೆಯಿಂದ ಹೋದವರ ಕಥೆ ಹೇಳುವ ಬಂಧುಗಳು ಎಲ್ಲ ಮನೆಗಳಲ್ಲೂ ಇರುತ್ತಾರೆ. ಆ ಹೊತ್ತಿಗೆ ಫೋನು ಮಕ್ಕಳ ಕೈಯಲ್ಲಿರಲಿ.

ಉತ್ತರ: ಆಪ್ತಸಮಾಲೋಚಕಿ, ಮೈಸೂರು

ನಾದಿನಿಯ ಮಾತ್ರೆಯನ್ನು ಹಿಂದಿರುಗಿಸಿಬಿಡಿ. ಆಲ್ಪ್ರಜೋಲಾಮ್ ಕೆಲವೇ ವಾರಗಳಲ್ಲಿ ಅಭ್ಯಾಸವಾಗಬಲ್ಲದು, ಒಮ್ಮೆಲೇ ಬಿಟ್ಟರೆ ಕಳವಳ ಮತ್ತು ನಿದ್ರಾಹೀನತೆ ಇನ್ನಷ್ಟು ಕೆರಳುತ್ತವೆ. ರಾತ್ರಿ ರೋಗಿಗೆ ತುರ್ತು ಎದುರಾದರೆ ಮಂಪರಿನಲ್ಲಿರುವ ನಿಮ್ಮಿಂದ ನೆರವಾಗುವುದೂ ಕಷ್ಟ. ಮಾತ್ರೆ ಬೇಕೇ ಬೇಡವೇ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರು ನಿರ್ಧರಿಸಲಿ.

ಸಂಜೆ ದೀಪ ಹಚ್ಚಿದ ಮೇಲೆ ಕಾಲು ಗಂಟೆ ಕುಳಿತು, ಮನಸ್ಸನ್ನು ಕೊರೆಯುವುದನ್ನೆಲ್ಲ ಕಾಗದದ ಮೇಲೆ ಬರೆಯಿರಿ. ವಿಮೆಯ ಕಾಗದವೋ, ಸಾಲದ ಕಂತೋ, ಮುಂದಿನ ಸ್ಕ್ಯಾನೋ, ಪ್ರತಿಯೊಂದರ ಎದುರು ನಾಳೆ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಬರೆದು ಮಡಚಿಡಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷದಷ್ಟು ಹೊತ್ತು ಹೊರಳಾಡಿದರೂ ನಿದ್ದೆ ಬಾರದಿದ್ದರೆ ಗಡಿಯಾರ ನೋಡದೆ ಎದ್ದು, ಮಂದ ಬೆಳಕಿನಲ್ಲಿ ಸೊಪ್ಪು ಬಿಡಿಸುವಂಥ ಬೇಸರದ ಕೆಲಸ ಮಾಡಿ, ಕಣ್ಣು ಎಳೆದಾಗ ಮಾತ್ರ ಮರಳಿ ಮಲಗಿ. ಕಾಫಿಯ ಅರ್ಧದಷ್ಟು ಕೆಫೀನು ಕುಡಿದು ಸುಮಾರು ಐದು ತಾಸಾದ ನಂತರವೂ ಮೈಯಲ್ಲಿ ಉಳಿದಿರುತ್ತದೆ, ಆದ್ದರಿಂದ ಮಧ್ಯಾಹ್ನದ ನಂತರ ಬೇಡ.

ಊಟ ಸೇರದೆ, ಕಾರಣವಿಲ್ಲದೆ ಅಳು ಬರುತ್ತ, ಬದುಕೇ ಬೇಡವೆನ್ನಿಸಿದರೆ ಈ ಉಪಾಯಗಳು ಫಲಿಸಲೆಂದು ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ತೀರ್ಥಹಳ್ಳಿ ಕಡೆಯವಳು

ಎಲ್ಲರಿಗೂ ವಂದನೆಗಳು. ಶಿವಮೊಗ್ಗದ ವಿಷಯ ಇದುವರೆಗೆ ಯಾರೂ ಹೇಳಿರಲಿಲ್ಲ, ನಾಳೆಯೇ ವೈದ್ಯರಿಗೆ ಫೋನು ಮಾಡುತ್ತೇನೆ. ಪ್ರೆಡ್ನಿಸೋಲೋನನ್ನು ನಾವು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಕೊಡುತ್ತಿದ್ದೆವು, ಅದನ್ನೂ ಕೇಳುತ್ತೇನೆ. ಶನಿವಾರ ರಾತ್ರಿ ಮೈದುನ ಬಂದು ಮಲಗಲು ಒಪ್ಪಿದ್ದಾನೆ. ಈ ಪ್ರಶ್ನೋತ್ತರವನ್ನು ಯಜಮಾನರಿಗೂ ಓದಿ ಹೇಳಿದೆ. ಎಬ್ಬಿಸುವ ಕೆಲಸ ತನ್ನದೆಂದು ಒಪ್ಪಿಕೊಂಡಿದ್ದಾರೆ, ಆದರೆ ಥರ್ಮಾಮೀಟರು ಇನ್ನು ಅವರ ದಿಂಬಿನ ಬಳಿ ಇರಬೇಕಂತೆ.